ಹಲ್ಲು ಕಟ್ಟುವ ಕೈ ಕಟ್ಟಿದ ಜಪಾನಿ ವಿಮಾನ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ, ಹಾಲಿನ ಬೂತಿನ ಮೇಲಿನ ಬಾಡಿಗೆ ಮನೆಯಲ್ಲಿ ಅನಸೂಯಾ ಊಟದ ಮೇಜಿಗೆ ಹಳೆಯ ಟವೆಲ್ಲೊಂದನ್ನು ಹಾಸಿ, ಅದರ ಮೇಲೆ ಒಂದು ವಿಮಾನವನ್ನು ಬೆನ್ನಡಿಯಾಗಿ ಮಲಗಿಸಿದ್ದಾರೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದು ಗೇಣು ಮೂರು ಬೆರಳು. ಕೈಯಲ್ಲಿರುವ ಚಿಮುಟದ ತುದಿಯಲ್ಲಿ ಬೆಂಕಿಕಡ್ಡಿಗಿಂತ ಗಿಡ್ಡನೆಯ ಲೋಹದ ಕಾಲು. ಆ ಕಾಲಿಗೆ ಶರ್ಟಿನ ಗುಂಡಿಯಷ್ಟು ದೊಡ್ಡ ಗಾಲಿ. ಆಕೆ ಉಸಿರು ಬಿಗಿಹಿಡಿದು ಕಾಲನ್ನು ರೆಕ್ಕೆಯ ತೂತಿಗೆ ಇಳಿಸುತ್ತಾರೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಚಿಮುಟ ತೆಗೆಯುತ್ತಾರೆ. ಕಾಲು ನಿಂತಿದೆ.

“ಸೊಟ್ಟ ಐತೇನು ನೋಡು,” ಎನ್ನುತ್ತಾರೆ ಮಗಳಿಗೆ.

ಹೆಗಲಿಗೆ ಬ್ಯಾಗು ಹಾಕಿಕೊಂಡು ನಿಂತಿರುವ ಹರ್ಷಿತಾ ಬಗ್ಗಿ ನೋಡುತ್ತಾಳೆ. ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ. ಕಂಪನಿ ಬಸ್ಸು ಬರಲು ಇನ್ನು ಹತ್ತು ನಿಮಿಷವಿದೆ. “ಬಾಗಾನೇ ಇದೆ ಅಮ್ಮ, ನೆಟ್ಟಗೇ ನಿಂತಿದೆ. ಎಡಗಡೆದು ಕೊಂಚೆಂ ಒಳಗೆ ಹೋಗಿದೆ, ಅಷ್ಟೇ.”

“ಕೊಂಚೆಂ ಅಂದ್ರ ಎಷ್ಟು?”

“ಒಂದು ಕೂದಲಷ್ಟು. ಯಾರಿಗೂ ಕಾಣ್ಸಲ್ಲ.”

ಅನಸೂಯಾ ಅಂಟು ಒಣಗುವ ಮೊದಲೇ ಕಾಲನ್ನು ಕಿತ್ತು, ಒರೆಸಿ, ಮತ್ತೆ ಇಳಿಸುತ್ತಾರೆ. ಬೀದಿಯಲ್ಲಿ ಬಸ್ಸಿನ ಹಾರನ್ನು ಕೇಳಿ ಮಗಳು ಮೆಟ್ಟಿಲಿಳಿದು ಹೋದದ್ದೂ ಅವರ ಗಮನಕ್ಕೆ ಬಂದಂತಿಲ್ಲ.

ಇದು ಎರಡನೇ ಮಹಾಯುದ್ಧದ ಕಾಲದ ಜಪಾನಿ ಫೈಟರ್ ವಿಮಾನ. ಪ್ರಪಂಚಕ್ಕೆ ಅದರ ಹೆಸರು ‘ಜೀರೋ’. ನಿಜವಾದ ವಿಮಾನದ ನಲವತ್ತೆಂಟರಲ್ಲಿ ಒಂದು ಪಾಲಿನ ಅಳತೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಎಪ್ಪತ್ತಕ್ಕೂ ಹೆಚ್ಚು ತುಂಡುಗಳು ಪೆಟ್ಟಿಗೆಯಲ್ಲಿ ಬರುತ್ತವೆ. ಕೊಂಡವರು ಅದನ್ನು ಒಂದೊಂದಾಗಿ ಜೋಡಿಸಿ, ಬಣ್ಣ ಹಚ್ಚಿ ಕಟ್ಟಬೇಕು. ಲೋಕದಲ್ಲಿ ಇದನ್ನೇ ಹವ್ಯಾಸ ಮಾಡಿಕೊಂಡವರು ಲಕ್ಷಗಟ್ಟಲೆ ಇದ್ದಾರೆ. ಅನಸೂಯಾ ಅವರಲ್ಲಿ ಒಬ್ಬರಲ್ಲ. ಹನ್ನೊಂದು ತಿಂಗಳ ಹಿಂದಿನವರೆಗೆ ಇಂಥದ್ದೊಂದನ್ನು ಅವರು ಮುಟ್ಟಿಯೂ ನೋಡಿರಲಿಲ್ಲ. ಐವತ್ತನಾಲ್ಕು ವರ್ಷದ ಈ ಹೆಂಗಸಿನ ನಿಜವಾದ ಕೆಲಸ ಹಲ್ಲು ಕಟ್ಟುವುದು.

ಹಲ್ಲು ಕಟ್ಟಿಸಿಕೊಂಡವರಿಗೆ ಗೊತ್ತಿರುವುದು ಡಾಕ್ಟರೊಬ್ಬರೇ. ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗ ಡಾಕ್ಟರು ಮೆತ್ತನೆಯ ಹಿಟ್ಟಿನಂಥದ್ದನ್ನು ಒತ್ತಿ ದವಡೆಯ ಅಚ್ಚು ತೆಗೆಯುತ್ತಾರೆ, ಒಂದು ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ಆ ಒಂದು ವಾರದಲ್ಲಿ ಅಚ್ಚು ಎಲ್ಲಿಗೆ ಹೋಗುತ್ತದೆ, ಯಾರು ಅದಕ್ಕೆ ಗಾರೆ ಹೊಯ್ಯುತ್ತಾರೆ, ಮೇಣದಲ್ಲಿ ಹಲ್ಲು ಕೊರೆಯುತ್ತಾರೆ, ಪಕ್ಕದ ಹಲ್ಲಿನ ಬಣ್ಣಕ್ಕೆ ಬಣ್ಣ ಕೂಡಿಸುತ್ತಾರೆ ಎಂದು ಯಾರೂ ಕೇಳುವುದಿಲ್ಲ. ವಿಶಾಖಪಟ್ಟಣದ ಡಾಬಾ ಗಾರ್ಡನ್ಸ್ ಬಳಿಯ ಒಂದು ಡೆಂಟಲ್ ಲ್ಯಾಬಿನ ಒಳಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಅನಸೂಯಾ ಅದನ್ನು ಮಾಡುತ್ತ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು.

ಊರು ಗದಗ. ಮದುವೆಯಾದದ್ದು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಬಾಲಚಂದ್ರ ಅವರನ್ನು. ತೊಂಬತ್ತೈದರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾದಾಗ, ಮೂರು ವರ್ಷ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ ಎಂದು ಬಾಲಚಂದ್ರ ಹೇಳಿದ್ದರಂತೆ. ಬಾಡಿಗೆಗೆ ಸಿಕ್ಕ ಮನೆಯ ಕೆಳಗೆ ಜಗನ್ಮೋಹನ್ ಎಂಬುವರು ಆಗಷ್ಟೇ ಒಂದು ಲ್ಯಾಬ್ ತೆರೆದಿದ್ದರು. ಗಾರೆ ಕಲಸಲು ಬರುತ್ತಿದ್ದ ಹುಡುಗಿ ಮದುವೆಯಾಗಿ ಹೋದಳೆಂದು ಅವರು ಪರದಾಡುತ್ತಿದ್ದುದನ್ನು ಅನಸೂಯಾ ಮೆಟ್ಟಿಲ ಮೇಲಿಂದ ನೋಡುತ್ತಿದ್ದರು.

“ತೆಲುಗು ಒಂದಕ್ಷರ ಬರ್ತಿರಲಿಲ್ರಿ ನನಗ. ಮನ್ಯಾಗ ಒಬ್ಬಾಕೇ ಕುಂತು ಕುಂತು ಬ್ಯಾಸರ. ಕೆಳಗಿಳದು ಹೋಗಿ, ನಾ ಕಲಸ್ತೀನಿ ಅಂತ ಕೈ ಸನ್ನಿ ಮಾಡಿದೆ,” ಎಂದು ನೆನೆಯುತ್ತಾರೆ ಅನಸೂಯಾ. “ರೊಟ್ಟಿ ಹಿಟ್ಟು ನಾದಿದ ಕೈ. ಗಾರಿ ಹದಾ ಒಂದ ದಿನದಾಗ ಗೊತ್ತಾತು. ಆಮ್ಯಾಲ ಮೇಣ, ಆಮ್ಯಾಲ ಹಲ್ಲು. ನನ್ನ ತೆಲುಗು ಪೂರಾ ಹಲ್ಲಿನಿಂದ ಶುರುವಾದದ್ದು. ಮಾರ್ಕೆಟ್ಟಿಗೆ ಹೋದ್ರ ಬದನೀಕಾಯಿಗೆ ಏನಂತಾರ ಗೊತ್ತಿಲ್ಲ, ದವಡಿ ಹಲ್ಲಿಗೆ ಏನಂತಾರ ಗೊತ್ತು.”

ಮೂರು ವರ್ಷ ಮೂವತ್ತಾಯಿತು. ಬಾಲಚಂದ್ರ ಅವರಿಗೆ ಶ್ರೀಕಾಕುಳಂ, ಅನಕಾಪಲ್ಲಿ ಎಂದು ಸುತ್ತಮುತ್ತಲೇ ವರ್ಗವಾಗುತ್ತ ಹೋಯಿತು; ಸಂಸಾರ ಇಲ್ಲೇ ಬೇರುಬಿಟ್ಟಿತು. ಕೈ ಜೋರಾಗಿ ಓಡುತ್ತಿದ್ದ ದಿನಗಳಲ್ಲಿ ಅನಸೂಯಾ ದಿನಕ್ಕೆ ಹನ್ನೆರಡು ಹಲ್ಲು ಕೊರೆಯುತ್ತಿದ್ದರು. ವರ್ಷಕ್ಕೆ ಮುನ್ನೂರು ದಿನ, ಇಪ್ಪತ್ತೈದು ವರ್ಷ. ಮಗಳು ಒಮ್ಮೆ ಫೋನಿನಲ್ಲಿ ಗುಣಿಸಿ ತೊಂಬತ್ತು ಸಾವಿರ ಎಂದಾಗ ಅವರು ನಂಬಲಿಲ್ಲ, ಇನ್ನೊಮ್ಮೆ ಗುಣಿಸು ಎಂದರು. ಬಲಗೈ ಹೆಬ್ಬೆರಳಿನ ಉಗುರಿನ ಪಕ್ಕ ಬಿಸಿ ಮೇಣ ಬಿದ್ದೂ ಬಿದ್ದೂ ಚರ್ಮ ಗಾಜಿನಂತೆ ನುಣುಪಾಗಿದೆ. ಉಜ್ಜುವ ಯಂತ್ರದ ದೂಳಿಗೆ ಚಳಿಗಾಲದಲ್ಲಿ ಕೆಮ್ಮು ಬರುತ್ತದೆ. ಎರಡು ಸಾವಿರದ ಹದಿನಾಲ್ಕರ ಹುದ್‌ಹುದ್ ಚಂಡಮಾರುತ ಲ್ಯಾಬಿನ ಕಿಟಕಿ ಕಿತ್ತುಹಾಕಿದಾಗ ಕಪಾಟಿನಲ್ಲಿದ್ದ ಇನ್ನೂರಕ್ಕೂ ಹೆಚ್ಚು ದವಡೆಯ ಅಚ್ಚುಗಳು ಮಳೆನೀರಿನಲ್ಲಿ ಬಿದ್ದು, ಅಂಟಿಸಿದ್ದ ಹೆಸರಿನ ಚೀಟಿಗಳೆಲ್ಲ ಕಳಚಿಹೋಗಿದ್ದವು. ಕರೆಂಟಿಲ್ಲದ ಆ ವಾರದಲ್ಲಿ ಅನಸೂಯಾ ಒಂದೊಂದನ್ನೇ ಎತ್ತಿ, ಬೆರಳಿನಿಂದ ತಡವಿ, ಇದು ಗಾಜುವಾಕದ ಟೀಚರಮ್ಮನದು, ಇದು ಬಂದರಿನ ಕ್ರೇನ್ ಡ್ರೈವರನದು ಎಂದು ಬೇರ್ಪಡಿಸಿದರು. ಅವರಲ್ಲಿ ಒಬ್ಬರ ಮುಖವನ್ನೂ ಅವರು ಕಂಡಿರಲಿಲ್ಲ.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ಲ್ಯಾಬಿಗೆ ಕಂಪ್ಯೂಟರಿನಿಂದ ನಡೆಯುವ ಯಂತ್ರ ಬಂತು. ತೆರೆಯ ಮೇಲೆ ಚಿತ್ರ ಬರೆದರೆ ಸಾಕು, ಹಲ್ಲನ್ನು ತಾನೇ ಕೊರೆದು ಕೊಡುತ್ತದೆ. “ಅಕ್ಕಾ, ನೀವು ಹೋಗಬೇಕಂತ ನಾನು ಹೇಳಲ್ಲ. ಆದರೆ ಮೇಣದ ಕೆಲಸ ಇನ್ನು ಬರೋದಿಲ್ಲ,” ಎಂದು ಜಗನ್ಮೋಹನ್ ತಮ್ಮ ಹರಕುಮುರುಕು ಕನ್ನಡದಲ್ಲೇ ಹೇಳಿದ್ದರು, ಇಷ್ಟು ವರ್ಷದಲ್ಲಿ ಅವರೂ ಕಲಿತಿದ್ದಾರೆ. ಅನಸೂಯಾ ಅವರಿಗೆ ಸಿಕ್ಕಿದ್ದು ರಿಪೇರಿಯ ಮೇಜು. ಬಚ್ಚಲಲ್ಲಿ ಬಿದ್ದು ಒಡೆದ ಹಲ್ಲುಸೆಟ್ಟು, ನಾಯಿ ಕಚ್ಚಿಕೊಂಡು ಓಡಿದ ಹಲ್ಲುಸೆಟ್ಟು, ಯಾರೋ ಕೂತು ಮುರಿದ ಹಲ್ಲುಸೆಟ್ಟು. ದಿನಕ್ಕೆ ಆರು, ಕೆಲವೊಮ್ಮೆ ಏಳು. ಕೆಲಸ ಕೀಳಾಯಿತು ಎಂದು ಬೇಸರವಾಯಿತೇ ಎಂದರೆ, ಅವರು ಒಪ್ಪಿಕೊಳ್ಳುತ್ತಾರೆ.

“ಮದಲ ಆತ್ರಿ. ಹುಟ್ಟಿಸೋ ಕೆಲಸ ಬಿಡಿಸಿ ಹೆಣಾ ಹೊಲಿಯಾಕ ಹಚ್ಚಿದ್ರು ಅನ್ನಿಸ್ತು. ಆಮ್ಯಾಲ ನೋಡಿದ್ರ, ಮುರದದ್ದರಾಗ ಕಲಿಯೂದು ಭಾಳ ಐತಿ. ಹೊಸಾ ಹಲ್ಲಿಗೆ ನೀವು ಹೇಳಿದಂಗ ಆಕಾರ. ಮುರದ ಹಲ್ಲು ಹಂಗಲ್ಲ, ಅದು ಹೇಳಿದಂಗ ನೀವು ಕೇಳಬೇಕು.”

ವಿಮಾನ ಅವರ ಬದುಕಿಗೆ ಬಂದದ್ದು ಇದೇ ರಿಪೇರಿ ಮೇಜಿನ ದಾರಿಯಿಂದ. ಕಳೆದ ವರ್ಷದ ಕೊನೆಯಲ್ಲಿ ವಿಜಯವಾಡದ ದಂತವೈದ್ಯರೊಬ್ಬರಿಂದ ಎರಡು ಹೋಳಾದ ಮೇಲ್ದವಡೆಯ ಸೆಟ್ಟೊಂದು ಕೊರಿಯರಿನಲ್ಲಿ ಬಂತು. ಹದಿನೈದು ವರ್ಷದ ಹಳೆಯ ಸೆಟ್ಟು. ಮುಂದಿನ ಒಂದು ಹಲ್ಲು ಚೂರಾಗಿತ್ತು. ಅನಸೂಯಾ ಬಿರುಕನ್ನು ಬೆಸೆದು, ಚೂರಾದ ಹಲ್ಲಿನ ಜಾಗಕ್ಕೆ ಹೊಸದನ್ನು ಕೂಡಿಸಿ, ಅದು ಪಕ್ಕದ ಹಲ್ಲುಗಳಷ್ಟೇ ಮುದಿಯಾಗಿ ಕಾಣುವಂತೆ ಕಂದು ತೀಡಿ ಕಳಿಸಿದರು. ಹತ್ತು ದಿನದ ಮೇಲೆ ಲ್ಯಾಬಿಗೆ ಫೋನು ಬಂತು. ಆ ತುದಿಯಲ್ಲಿ ಡಾಕ್ಟರಲ್ಲ, ಹಲ್ಲಿನ ಯಜಮಾನರೇ. ಹೆಸರು ರಾಮಚಂದ್ರ, ವಯಸ್ಸು ತೊಂಬತ್ತು, ರೈಲ್ವೆಯಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು. ಭೂತಗನ್ನಡಿ ಹಿಡಿದು ಎರಡು ದಿನ ಹುಡುಕಿದರೂ ತನ್ನ ಹಲ್ಲು ಎಲ್ಲಿ ಮುರಿದಿತ್ತೆಂದು ಸಿಗಲಿಲ್ಲ, ಇದನ್ನು ಮಾಡಿದವರು ಯಾರು, ಅವರ ಜೊತೆ ಮಾತಾಡಬೇಕು ಎಂದರಂತೆ.

“ಜಗನ್ಮೋಹನ್ ಸರ್ ಫೋನ್ ನನ್ನ ಕೈಯಾಗ ಕೊಟ್ರು. ಏನು ತಪ್ಪಾತೋ ಅಂದ್ಕೊಂಡೆ. ಇಪ್ಪತ್ತೊಂಬತ್ತು ವರ್ಷದಾಗ ಯಾರೂ ಕೇಳಿರ್ಲಿಲ್ಲಲ್ರಿ,” ಎನ್ನುತ್ತಾರೆ ಅನಸೂಯಾ.

ರಾಮಚಂದ್ರ ತೆಲುಗಿನಲ್ಲಿ ಶುರುಮಾಡಿದರು. ಎರಡು ಮಾತಾಗುವುದರೊಳಗೆ ಅವರಿಗೆ ಅನುಮಾನ ಬಂತು. “ನಿಮ್ಮದು ಯಾವೂರು ಅಮ್ಮಾ?” ಗದಗ ಎಂದದ್ದೇ ತಡ, ಮುದುಕರ ಭಾಷೆಯೇ ಬದಲಾಯಿತು. “ಹಂಗನ್ರಿ ಮತ್ತ. ನಾ ಹುಬ್ಬಳ್ಳ್ಯಾಗ ಹನ್ನೊಂದು ವರ್ಷ ಇದ್ದಾವ. ಗದಗ ಯಾರ್ಡಿನ ನಕ್ಷಾ ನನ್ನ ಕೈಯಾಗ ಬರದದ್ದು.” ನೀವು ವಿಜಯವಾಡಕ್ಕೆ ಬರುವುದುಂಟೇ ಎಂದು ಕೇಳಿದರು. ಬಾಲಚಂದ್ರ ಅವರ ಕಡೆಯ ವರ್ಗ ವಿಜಯವಾಡಕ್ಕೇ ಆಗಿತ್ತು. ಅಲ್ಲೇ ಇರುವ ಗಂಡನನ್ನು ನೋಡಲು ಅನಸೂಯಾ ತಿಂಗಳಿಗೊಮ್ಮೆ ದುವ್ವಾಡದಲ್ಲಿ ರೈಲು ಹತ್ತಿ ಹೋಗುವುದು ಇದ್ದೇ ಇತ್ತು. ಹೀಗೆ ಜನವರಿಯ ಒಂದು ಭಾನುವಾರ ಗಂಡ ಹೆಂಡತಿ ಸತ್ಯನಾರಾಯಣಪುರಂನಲ್ಲಿರುವ ರಾಮಚಂದ್ರ ಅವರ ಹಳೆಯ ಮನೆಯ ಬಾಗಿಲು ತಟ್ಟಿದರು.

ಕಾಫಿಯಾದ ಮೇಲೆ ರಾಮಚಂದ್ರ ಬೀರುವಿನ ತಲೆಯ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಲು ಹೇಳಿದರು. ಮುಚ್ಚಳದ ಮೇಲೆ ಮಾಸಿದ ಚಿತ್ರ, ಜಪಾನಿ ಅಕ್ಷರ. ಒಳಗೆ ಬಣ್ಣ ಹಚ್ಚಿ ಜೋಡಿಸಿದ ಎರಡು ರೆಕ್ಕೆ, ಬಾಲ, ಜೋಡಿಸದ ಹೊಟ್ಟೆಯ ಎರಡು ಹೋಳು, ನೂಲಿನಲ್ಲಿ ಕಟ್ಟಿಟ್ಟ ಚಿಕ್ಕಪುಟ್ಟ ತುಂಡುಗಳು. ಬೇರೆಯಾಗಿ, ಹಳೆಯ ಮಾತ್ರೆಯ ಡಬ್ಬಿಯಲ್ಲಿ, ಪಾರದರ್ಶಕ ಪ್ಲಾಸ್ಟಿಕ್ಕಿನ ಒಂಬತ್ತು ಚೂರು.

ಪೆಟ್ಟಿಗೆ ಅವರ ಅಣ್ಣ ವೆಂಕಟರಮಣ ಅವರದು. ಹಡಗಿನ ಎಂಜಿನಿಯರಾಗಿದ್ದ ವೆಂಕಟರಮಣ ಎಪ್ಪತ್ತೊಂಬತ್ತರಲ್ಲಿ ಕೋಬೆ ಬಂದರಿನ ಅಂಗಡಿಯೊಂದರಲ್ಲಿ ಅದನ್ನು ಕೊಂಡಿದ್ದರು. ಜಪಾನಿ ಯುದ್ಧವಿಮಾನವೇ ಏಕೆ ಎಂಬುದಕ್ಕೆ ರಾಮಚಂದ್ರ ಇನ್ನೂ ಹಿಂದಕ್ಕೆ ಹೋದರು. ಸಾವಿರದ ಒಂಬೈನೂರ ನಲವತ್ತೆರಡರ ಏಪ್ರಿಲ್ ಆರು, ವಿಶಾಖಪಟ್ಟಣದ ಬಂದರಿನ ಮೇಲೆ ಜಪಾನಿನ ವಿಮಾನಗಳು ಬಾಂಬು ಹಾಕಿದ ದಿನ. ಆಗ ಅವರ ಮನೆ ಅಲ್ಲೇ, ಒನ್ ಟೌನ್ ಎಂಬ ಹಳೆಯ ಪೇಟೆಯಲ್ಲಿ. ತಮ್ಮನಿಗೆ ಏಳು ತುಂಬಿರಲಿಲ್ಲ, ಅಣ್ಣನಿಗೆ ಹದಿಮೂರು.

“ಅಮ್ಮ ನನ್ನನ್ನ ಕಂಕುಳಾಗ ಇಟ್ಕೊಂಡು ಓಡಿದ್ಲು. ಅಣ್ಣ ಓಡ್ಲಿಲ್ಲ. ಬಾವಿಕಟ್ಟಿ ಮ್ಯಾಲ ನಿಂತು ಮುಗಿಲು ನೋಡ್ತಿದ್ದ. ಅಪ್ಪ ಕಿವಿ ಹಿಡದು ಎಳಕೊಂಡು ಬಂದ. ಊರಿಗೆ ಊರ ಅಳ್ತಿದ್ರ ಅವ ಕೇಳಿದ್ದು ಒಂದ ಮಾತು. ಅಷ್ಟು ಭಾರದ್ದು ಮ್ಯಾಲ ಹೆಂಗ ನಿಂತೈತಿ ಅಂತ. ಸಾಯೂ ತನಕ ಅದನ್ನ ಕೇಳಿದ.”

ನಿವೃತ್ತಿಯಾದ ಮೇಲೆ ವೆಂಕಟರಮಣ ತಮ್ಮನ ಮನೆಯ ವರಾಂಡದಲ್ಲೇ ಕೂತು ವಿಮಾನ ಕಟ್ಟಲು ತೊಡಗಿದರು. ರೆಕ್ಕೆ, ಬಾಲ ಮುಗಿಯುವ ಹೊತ್ತಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿತ್ತು. ಎಡಗೈಯಲ್ಲಿ ಹಟ ಹಿಡಿದು ಮುಂದುವರಿಸಿದರು. ಒಂದು ಮಧ್ಯಾಹ್ನ ರಾಮಚಂದ್ರ ಪೇಪರು ಓದಲು ಕುರ್ಚಿ ಎಳೆದುಕೊಂಡು ಕೂತರು. ಕುರ್ಚಿಯ ಮೇಲೆ ಪೈಲಟ್ಟಿನ ತಲೆಯ ಮೇಲೆ ಬರುವ ಗಾಜಿನಂಥ ಮುಚ್ಚಳ ಇತ್ತು. ‘ಚಟ್’ ಎಂದಿತು.

“ಅವ ಏನೂ ಅನ್ಲಿಲ್ಲ. ಬೈದಿದ್ರ ಚೊಲೊ ಇತ್ತು. ಚೂರು ಆರಿಸಿ ಡಬ್ಬಿಗೆ ಹಾಕಿ, ಪೆಟ್ಟಿಗಿ ಮುಚ್ಚಿದ. ಮತ್ತ ತೆಗೀಲಿಲ್ಲ. ಮುಂದಿನ ವರ್ಷ ಹೋದ,” ಎಂದ ರಾಮಚಂದ್ರ ಆಮೇಲೆ ಹೇಳಿದ್ದು ಇಷ್ಟು: “ಇದನ್ನ ನನ್ನ ಹೆಂಡತಿಗೂ ಹೇಳಿದ್ದಿಲ್ಲ. ಬೆಕ್ಕು ಕೆಡವಿತು ಅಂದಿದ್ದೆ.” ಅವರ ಬಲಗಣ್ಣು ಹೋಗಿ ಎರಡು ವರ್ಷವಾಗಿತ್ತು. ಎಡಗಣ್ಣಿನ ನಡುವೆಯೂ ಮಸುಕು ಹಬ್ಬುತ್ತಿದೆ, ಒಂದು ವರ್ಷ ಹಿಡಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು.

ಅಂಥ ಹಳೆಯ ಕಿಟ್ಟಿನ ಮುಚ್ಚಳ ಈಗ ಎಲ್ಲೂ ಸಿಗುವುದಿಲ್ಲ ಎಂದು ರಾಮಚಂದ್ರ ವಿಚಾರಿಸಿ ತಿಳಿದಿದ್ದರು. ಹೊಸ ಕಿಟ್ಟು ಕೊಳ್ಳಬಹುದಿತ್ತಲ್ಲ ಎಂದು ಬಾಲಚಂದ್ರ ಅಂದರೆ, ಅದರಲ್ಲಿ ಅಣ್ಣನ ಕೈ ಇರುವುದಿಲ್ಲ, ಬೇಡ ಎಂದು ಮುದುಕರು ತಲೆಯಾಡಿಸಿದರು. ಅನಸೂಯಾ ಒಂಬತ್ತು ಚೂರನ್ನೂ ಒಂದು ಟವೆಲಿನ ಮೇಲೆ ಹರವಿ, ಯಾವುದಕ್ಕೆ ಯಾವುದು ಕೂಡುತ್ತದೆ ಎಂದು ಆಗಲೇ ನೋಡುತ್ತಿದ್ದರು. ಸಂಜೆಯ ರೈಲಿನಲ್ಲಿ ಪೆಟ್ಟಿಗೆ ಅವರ ತೊಡೆಯ ಮೇಲಿತ್ತು.

ಅಂದಿನಿಂದ ದಿನಚರಿ ಬದಲಾಗಿದೆ. ನಾಲ್ಕೂವರೆಗೆ ಏಳುವುದು, ಆರೂವರೆಯವರೆಗೆ ವಿಮಾನ, ಆಮೇಲೆ ಅಡುಗೆ, ಒಂಬತ್ತಕ್ಕೆ ಲ್ಯಾಬ್. ಅನಸೂಯಾ ಮೊದಲು ಚೂರುಗಳನ್ನು ಮೇಣದಿಂದ ಕೂಡಿಸಿ, ಇಲ್ಲದ ಜಾಗವನ್ನು ತುಂಬಿ, ಅದರಿಂದ ಗಟ್ಟಿ ಗಾರೆಯ ಅಚ್ಚು ಮಾಡಿದರು. ಕಿರುಬೆರಳಿನುದ್ದದ ಆ ಅಚ್ಚನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಲು ಒಂದು ತಿಂಗಳು ಹಿಡಿಯಿತು. ಹಲ್ಲು ನೆಟ್ಟಗಾಗಲೆಂದು ಮಕ್ಕಳಿಗೆ ಹಾಕುವ ಪಾರದರ್ಶಕ ಕವಚವನ್ನು ನೋಡಿದ್ದೀರಲ್ಲ, ಅದನ್ನು ಮಾಡುವ ಸಣ್ಣ ಯಂತ್ರ ಪ್ರತಿ ಲ್ಯಾಬಿನಲ್ಲೂ ಇರುತ್ತದೆ. ತೆಳು ಹಾಳೆಯನ್ನು ಕಾಯಿಸಿ, ಮೆತ್ತಗಾದಾಗ ಅಚ್ಚಿನ ಮೇಲೆ ಕೆಡವಿ, ಕೆಳಗಿನಿಂದ ಗಾಳಿ ಎಳೆದರೆ ಹಾಳೆ ಅಚ್ಚಿಗೆ ಅಪ್ಪಿಕೊಳ್ಳುತ್ತದೆ. ಊಟದ ವಿರಾಮದಲ್ಲಿ ಅದೇ ಯಂತ್ರದ ಮೇಲೆ ವಿಮಾನದ ಮುಚ್ಚಳ ಹುಟ್ಟತೊಡಗಿತು. ಒಂದರಲ್ಲಿ ಗುಳ್ಳೆ, ಒಂದರಲ್ಲಿ ಸುಕ್ಕು, ಒಂದರ ಮೂಲೆ ಕರಗಿದ್ದು. ಇಪ್ಪತ್ತೆರಡು ಕೆಟ್ಟವು. ಇಪ್ಪತ್ಮೂರನೆಯದನ್ನು ಕಿಟಕಿಗೆ ಹಿಡಿದು ನೋಡಿದಾಗ ಎದುರಿನ ಕಟ್ಟಡದ ಸಾಲು ಬಾಗದೆ, ಮುರಿಯದೆ ನೆಟ್ಟಗೆ ಕಂಡಿತು.

ಕಳೆದುಹೋಗಿದ್ದ ಒಂದು ಕಾಲಿಗೆ ಪ್ಲಾಸ್ಟಿಕ್ಕಿನ ಗೊಡವೆ ಬೇಡವೆಂದು, ಮೇಣದಲ್ಲಿ ಕೊರೆದು, ಹಲ್ಲಿನ ಲೋಹದಲ್ಲೇ ಎರಕ ಹೊಯ್ದರು. ಜಪಾನಿ ಭಾಷೆಯ ಸೂಚನೆಯ ಹಾಳೆಯನ್ನು ಹರ್ಷಿತಾ ಫೋನಿನ ಕ್ಯಾಮೆರಾ ಹಿಡಿದು ತೆಲುಗಿಗೆ ತಿರುಗಿಸಿ, ತೆಲುಗಿನಿಂದ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಒಂದು ಕಡೆ ‘ಮೀನಿನ ಹೊಟ್ಟೆಯೊಳಗೆ ಕೋಲನ್ನು ಮಲಗಿಸಿ’ ಎಂದು ಬಂತು. ಅದು ಏನೆಂದು ಇವತ್ತಿಗೂ ಇಬ್ಬರಿಗೂ ತಿಳಿದಿಲ್ಲ. ಮಿಕ್ಕ ಒಂದು ಕೋಲು ರಟ್ಟಿನ ಪೆಟ್ಟಿಗೆಯಲ್ಲಿ ಹಾಗೇ ಇದೆ.

ಲ್ಯಾಬಿನಲ್ಲಿ ಎಲ್ಲರಿಗೂ ಇದು ಇಷ್ಟವಾಗಲಿಲ್ಲ. ಯಂತ್ರ ನಡೆಸುವ ಸಾಯಿ ಎಂಬುವರ ಅಜ್ಜ ಬಂದರಿನ ಕೂಲಿ, ಬಾಂಬು ಬಿದ್ದ ದಿನ ಅಲ್ಲೇ ಇದ್ದವರು. ನಮ್ಮ ಊರಿನ ಮೇಲೆ ಬಾಂಬು ಹಾಕಿದವರ ವಿಮಾನವನ್ನು ಅಷ್ಟು ಪ್ರೀತಿಯಿಂದ ಏಕೆ ತಿಕ್ಕುತ್ತೀರಿ ಎಂದು ಅವರು ನೇರವಾಗಿಯೇ ಕೇಳಿದರು. ಅನಸೂಯಾ ಮನೆಗೆ ಹೋಗಿ, ಆ ದಾಳಿಯ ಬಗ್ಗೆ ಬರೆದದ್ದನ್ನು ಮಗಳಿಂದ ಓದಿಸಿದರು. ಓದುತ್ತಾ ಹೋದಂತೆ ಇನ್ನೊಂದು ತೊಡಕು ಬಂತು. ಆ ದಿನ ಊರಿನ ಮೇಲೆ ಬಂದವು ಬಾಂಬರುಗಳು, ‘ಜೀರೋ’ ಅವುಗಳ ಜೊತೆ ಇರಲಿಲ್ಲ ಎಂದು ಬಲ್ಲವರು ಬರೆದಿದ್ದರು. ಅಂದರೆ ಬಾವಿಕಟ್ಟೆಯ ಮೇಲೆ ನಿಂತ ಹುಡುಗ ಕಂಡದ್ದು ಇದನ್ನಲ್ಲ. ಇದನ್ನು ತೊಂಬತ್ತರ ಮುದುಕರಿಗೆ ಹೇಳುವುದೇ, ಬೇಡವೇ? ಅನಸೂಯಾ ಹದಿನೈದು ದಿನ ಒದ್ದಾಡಿ, ಕೊನೆಗೆ ಫೋನು ಮಾಡಿ ಹೇಳಿಯೇ ಬಿಟ್ಟರು.

ರಾಮಚಂದ್ರ ಆ ಕಡೆಯಿಂದ ನಕ್ಕರು. “ಗೊತ್ತೈತಿ ತಾಯಿ. ಅವನಿಗೂ ಗೊತ್ತಿತ್ತು. ಕೋಬೆದಾಗ ಅದು ಸಿಗ್ಲಿಲ್ಲ, ಇದು ಸಿಕ್ತು. ಅವಂಗ ಬೇಕಾದದ್ದು ಬಾಂಬ್ ಅಲ್ಲ, ರೆಕ್ಕಿ.” ಮರುದಿನ ಅನಸೂಯಾ ಅದನ್ನೇ ಸಾಯಿಗೆ ಹೇಳಿದರು. ಅವರು ಒಪ್ಪಿದರೋ ಬಿಟ್ಟರೋ ಗೊತ್ತಿಲ್ಲ. ಆದರೆ ಹಾಳೆ ಕಾಯಿಸುವ ಯಂತ್ರದ ಶಾಖ ಒಂದೇ ಸಮ ಇರುವಂತೆ ಸರಿಮಾಡಿಕೊಟ್ಟದ್ದು ಅವರೇ.

ಎಲ್ಲಕ್ಕಿಂತ ಕಷ್ಟವಾದದ್ದು ಬಣ್ಣ. ವೆಂಕಟರಮಣ ಬಣ್ಣ ಹಚ್ಚಿದ್ದ ರೆಕ್ಕೆಗಳು ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿದ್ದವು. ಸೂಚನೆಯ ಹಾಳೆಯಲ್ಲಿದ್ದದ್ದು ತಿಳಿ ಬೂದಿ. ಈ ವಿಮಾನದ ನಿಜವಾದ ಬಣ್ಣ ಬೂದಿಯೋ ಕಂದು ಬೆರೆತದ್ದೋ ಎಂದು ಇಂಟರ್ನೆಟ್ಟಿನಲ್ಲಿ ಪ್ರಪಂಚದ ಹವ್ಯಾಸಿಗಳು ವರ್ಷಾನುಗಟ್ಟಲೆ ಜಗಳವಾಡುತ್ತಿದ್ದಾರೆ. ವೆಂಕಟರಮಣ ಯಾವ ಪಕ್ಷ? ಇನ್ನೂ ಬಣ್ಣ ಕಾಣದ ಹೊಟ್ಟೆಯ ಭಾಗಕ್ಕೆ ಹಚ್ಚುವುದೇನು?

ಉತ್ತರ ಸಿಕ್ಕಿದ್ದು ಜುಲೈನಲ್ಲಿ. ಎಡರೆಕ್ಕೆಯ ಮೇಲೆ ಅಂಟಿಸಿದ್ದ ಕೆಂಪು ಸೂರ್ಯನ ಚಿತ್ರದ ಅಂಚು ಎದ್ದಿತ್ತು. ಅನಸೂಯಾ ಒದ್ದೆ ಹತ್ತಿಯಿಂದ ಅದನ್ನು ಮೆಲ್ಲನೆ ಬಿಡಿಸಿದಾಗ ಕೆಳಗೆ ಕಂಡದ್ದು ಅಪ್ಪಟ ಬೂದಿ.

“ನಮ್ಮ ಕೆಲಸದಾಗ ಇದು ದಿನಾ ನೋಡೂದರಿ,” ಎನ್ನುತ್ತಾ ಆಕೆ ಹಲ್ಲಿನ ಬಣ್ಣದ ಮಾದರಿಗಳಿರುವ ಪಟ್ಟಿಯನ್ನು ತೆಗೆದು ತೋರಿಸುತ್ತಾರೆ. ಹದಿನಾರು ಹಲ್ಲು ಸಾಲಾಗಿವೆ. ಹೊಸಬರ ಕಣ್ಣಿಗೆ ಎಲ್ಲವೂ ಬಿಳಿ. “ಬಿಳೀ ಹಲ್ಲು ಅನ್ನೂದು ಇಲ್ಲ. ಎಲ್ಲಾದ್ರಾಗೂ ಹಳದಿ ಐತಿ, ಕಂದು ಐತಿ. ವಯಸ್ಸಾದಂಗ ಹೆಚ್ಚಾಕ್ಕೈತಿ. ಅವ್ರು ಹಚ್ಚಿದ್ದು ಬೂದೀನ. ಮ್ಯಾಲಿನ ವಾರ್ನಿಷ್ ಮೂವತ್ತು ನಲವತ್ತು ವರ್ಷದಾಗ ಮಾಗಿ ಚಹಾ ಆಗೇತಿ. ಸೂರ್ಯನ ಚಿತ್ರದ ಕೆಳಗ ವಾರ್ನಿಷ್ ಬಿದ್ದಿಲ್ಲ, ಅಲ್ಲಿ ಬೂದಿ ಹಂಗ ಉಳದೈತಿ.”

ಈಗ ಪ್ರಶ್ನೆ ಇನ್ನೂ ಬಿಗಿಯಾಯಿತು. ಹಳೆಯ ವಾರ್ನಿಷನ್ನು ಉಜ್ಜಿ ತೆಗೆದು ಇಡೀ ವಿಮಾನವನ್ನು ವೆಂಕಟರಮಣ ಬಯಸಿದ ಬೂದಿಗೆ ತರುವುದೇ? ತರಲು ಹೋದರೆ ಅವರ ಕುಂಚದ ಗೆರೆಗಳೂ ಹೋಗುತ್ತವೆ. ಅಥವಾ ಹೊಸ ಹೊಟ್ಟೆಗೆ ಹಳೆಯ ರೆಕ್ಕೆಯ ವಯಸ್ಸನ್ನು ಹಚ್ಚುವುದೇ? ಅನಸೂಯಾ ಎರಡು ಪ್ಲಾಸ್ಟಿಕ್ ಚೂರಿಗೆ ಎರಡು ಬಣ್ಣ ಹಚ್ಚಿಕೊಂಡು ದಸರೆಯ ರಜೆಯಲ್ಲಿ ವಿಜಯವಾಡಕ್ಕೆ ಹೋದರು.

ರಾಮಚಂದ್ರ ಎರಡನ್ನೂ ಕಣ್ಣಿಗೆ ತೀರ ಹತ್ತಿರ ಹಿಡಿದರು. ಒಂದನ್ನು ಕೆಳಗಿಟ್ಟರು. “ನೀವು ನನ್ನ ಹಲ್ಲಿಗೆ ಯಾವ ಬಣ್ಣ ಹಚ್ಚಿದ್ರಿ? ಇಪ್ಪತ್ತು ವರ್ಷದ ಹುಡುಗಂದಾ?”

“ಇಲ್ರಿ. ತೊಂಬತ್ತರದ್ದು.”

“ಮತ್ತ ಕೇಳ್ತೀರಲ್ಲ.”

ಹೀಗಾಗಿ ಕಳೆದ ಎರಡು ತಿಂಗಳು ಹೊಟ್ಟೆಯ ಮೇಲೆ ಬೂದಿ, ಬೂದಿಯ ಮೇಲೆ ಕಂದು, ಕಂದಿನ ಮೇಲೆ ಕಂಡೂ ಕಾಣದ ಹಳದಿ, ಹೀಗೆ ಏಳು ಪದರ ತೆಳ್ಳಗೆ ಕೂತಿವೆ. ಹಳೆಯ ರೆಕ್ಕೆ ಎಲ್ಲಿ ಮುಗಿಯಿತು, ಹೊಸ ಹೊಟ್ಟೆ ಎಲ್ಲಿ ಶುರುವಾಯಿತು ಎಂದು ಬೆಳಗಿನ ಬೆಳಕಿನಲ್ಲಿ ಎಷ್ಟು ಹುಡುಕಿದರೂ ಗೊತ್ತಾಗುವುದಿಲ್ಲ.

ಇದೆಲ್ಲ ನಡೆಯುತ್ತಿರುವಾಗ ಲ್ಯಾಬ್ ಕೂಡ ಹೊಸ ಜಾಗಕ್ಕೆ ಹೋಗುವುದೆಂದು ಗೊತ್ತಾಯಿತು. ಅಲ್ಲಿನ ನಕ್ಷೆಯಲ್ಲಿ ರಿಪೇರಿಯ ಮೇಜು ಇರಲಿಲ್ಲ. ತಾನೇ ಕೇಳಿ ಸಣ್ಣವಳಾಗುವುದು ಬೇಡವೆಂದು ಅನಸೂಯಾ ಸುಮ್ಮನಿದ್ದರು. ಕಳೆದ ತಿಂಗಳು ಜಗನ್ಮೋಹನ್ ತಾವಾಗಿಯೇ ಬಂದು, ಉತ್ತರದ ಕಿಟಕಿಯ ಪಕ್ಕ ಮೇಜು ಹಾಕಿಸುತ್ತೇನೆ, ಈ ಸಲ ಕಿಟಕಿಗೆ ಮುಖ ಮಾಡಿ ಕೂರಿ ಎಂದಿದ್ದಾರೆ. ವಿಮಾನ ನೋಡಿ ಮನಸ್ಸು ಬದಲಾಯಿತೇ ಎಂದು ಕೇಳಿದರೆ ಅನಸೂಯಾ ನಗುತ್ತಾರೆ. “ವಿಮಾನ ಅಲ್ರಿ. ಮಷೀನಿನ ಹಲ್ಲೂ ಮುರೀತಾವು.”

ಶುಕ್ರವಾರ ಕಾಲು, ಶನಿವಾರ ಮುಚ್ಚಳ. ಭಾನುವಾರ ದುವ್ವಾಡದ ಪ್ಲಾಟ್‌ಫಾರಂನಲ್ಲಿ ಅನಸೂಯಾ ಚಪ್ಪಲಿಯ ದೊಡ್ಡ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾರೆ. ಒಳಗೆ ಹತ್ತಿಯ ಗೂಡು. ಆರು ತಾಸಿನ ದಾರಿಯಲ್ಲಿ ಅವರು ಇಡ್ಲಿ ತಿನ್ನುವುದಿಲ್ಲ, ಚಹಾ ಕುಡಿಯುವುದಿಲ್ಲ, ಕೈ ಬಿಡುವಿಲ್ಲ. ವಿಜಯವಾಡದಲ್ಲಿ ಕಾದಿದ್ದ ಬಾಲಚಂದ್ರ, ಕೊಡು ನಾ ಹಿಡೀತೀನಿ ಎಂದರೆ ಕೊಡುವುದಿಲ್ಲ. ಗಂಡನನ್ನು ಆಟೋದ ಅಂಚಿಗೆ ಸರಿಸಿ ಪೆಟ್ಟಿಗೆಯನ್ನು ನಡುವೆ ಕೂರಿಸುತ್ತಾರೆ.

ರಾಮಚಂದ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದಾರೆ. ಮೊದಲು ಕೈ ತೊಳೆದು ಬರುತ್ತಾರೆ. ವಿಮಾನವನ್ನು ಮುಂದೆ ಇಟ್ಟರೂ ಸ್ವಲ್ಪ ಹೊತ್ತು ಮುಟ್ಟುವುದಿಲ್ಲ. ಮುಖವನ್ನು ಓರೆ ಮಾಡಿ, ಎಡಗಣ್ಣಿನ ಯಾವ ಮೂಲೆಯಲ್ಲಿ ಇನ್ನೂ ಬೆಳಕಿದೆಯೋ ಆ ಮೂಲೆಯಿಂದ ನೋಡುತ್ತಾರೆ. ಆಮೇಲೆ ಉಗುರಿನಿಂದ ಮುಚ್ಚಳವನ್ನು ಸವರುತ್ತಾರೆ, ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ.

“ಎಲ್ಲಿ ಒಡದಿತ್ತು?” ಎನ್ನುತ್ತಾರೆ.

“ಇದು ಹೊಸದರಿ. ಒಡದದ್ದು ಇಲ್ಲೈತಿ,” ಎಂದು ಅನಸೂಯಾ ಮಾತ್ರೆಯ ಡಬ್ಬಿಯನ್ನು ಅವರ ಅಂಗೈಯಲ್ಲಿಡುತ್ತಾರೆ. ಹಳೆಯದನ್ನು ಯಜಮಾನರಿಗೆ ವಾಪಸು ಕೊಡುವುದು ಲ್ಯಾಬಿನ ಪದ್ಧತಿ. ಒಂಬತ್ತು ಚೂರೂ ಇವೆ. ರಾಮಚಂದ್ರ ಡಬ್ಬಿಯನ್ನು ಒಮ್ಮೆ ಅಲುಗಿಸಿ ಸದ್ದು ಕೇಳಿ, ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಬಾಲಚಂದ್ರ ಎದ್ದು ಸುಮ್ಮನೆ ಫ್ಯಾನು ಆರಿಸುತ್ತಾರೆ.

ಗಾಳಿ ನಿಂತ ಮೇಲೆ ಮುದುಕರಿಗೆ ಏನನ್ನಿಸಿತೋ, ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಎದುರು ತಂದುಕೊಳ್ಳುತ್ತಾರೆ. “ಇದು ತಿರಗತೈತೇನು?” ಎಂದು ಮೂತಿಯ ಪಂಖವನ್ನು ತೋರಿಸುತ್ತಾರೆ. ಉತ್ತರಕ್ಕೆ ಕಾಯದೆ, ಎದೆ ತುಂಬ ಉಸಿರೆಳೆದು, ತುಟಿ ಗುಂಡಗೆ ಮಾಡಿ ಜೋರಾಗಿ ಊದುತ್ತಾರೆ. ಮೂರು ಎಸಳಿನ ಪಂಖ ಒಂದು ಕ್ಷಣ ತಡೆದು, ಗಿರ್ರನೆ ತಿರುಗುತ್ತದೆ. ತೊಂಬತ್ತು ವರ್ಷದವರು ಮತ್ತೆ ಊದುತ್ತಾರೆ, ಮತ್ತೂ ಊದುತ್ತಾರೆ. ಬಾಲಚಂದ್ರ ಫೋನು ತೆಗೆದು ಆ ತಿರುಗುವ ಪಂಖವನ್ನು ಚಿತ್ರ ಹಿಡಿಯುತ್ತಾರೆ.

ಸಂಜೆ ಸ್ಟೇಷನ್ನಿನಲ್ಲಿ, ಆ ಗಳಿಗೆಯಲ್ಲಿ ಏನನ್ನಿಸಿತು ಎಂದು ಕೇಳಿದಾಗ ಅನಸೂಯಾ ಕೈಯಲ್ಲಿದ್ದ ಚಹಾವನ್ನು ಮುಗಿಸಿಯೇ ಉತ್ತರಿಸುತ್ತಾರೆ.

“ಎಲ್ಲಾರೂ ಪಂಖಾ ನೋಡಿದ್ರಿ. ನಾ ಅವರ ಮ್ಯಾಲಿನ ಹಲ್ಲುಸೆಟ್ಟ ನೋಡೀನಿ. ಅಷ್ಟು ಜೋರ ಊದಿದ್ರೂ ಜಾಗಾ ಬಿಟ್ಟು ಅಲ್ಲಾಡ್ಲಿಲ್ರಿ.”